ರೋಮಿಗೆ ಹೋಗಿ ಚೀಲ ತಂದೆ

ಎಫ್‌ಎಓ ಗೇಟಿನ ಹತ್ತಿರ ಬಂದು ನಿಂತ ಮೇಲೆ ಗೊತ್ತಾಯಿತು, ಪಾಸ್‌ಪೋರ್ಟ್ ಕೋಣೆಯಲ್ಲೇ ಉಳಿದಿದೆ. "ಗುರುತಿನ ಚೀಟಿ ಮರೀಬೇಡ" ಅಂತ ಗೆಳತಿ ಮೂರು ಸಲ ಮೆಸೇಜ್ ಮಾಡಿದ್ದಳು. ಮೂರು ಸಲವೂ ನಾನು ಹೆಬ್ಬೆಟ್ಟು ಒತ್ತಿ ಸುಮ್ಮನಾಗಿದ್ದೆ. ಇನ್ನು ಯಾರನ್ನು ಬೈಯಲಿ?

ರೋಮಿಗೆ ಬಂದವರು ಕೊಲೋಸಿಯಂ ನೋಡುತ್ತಾರೆ. ನಾನು ಆಫೀಸು ನೋಡಲು ಬಂದಿದ್ದೆ. ನಗಬೇಡಿ. ಜಗತ್ತಿನ ಸಣ್ಣ ರೈತರ ಹೆಸರಿನಲ್ಲಿ ಓಡಾಡುವ ದುಡ್ಡು, ಕಾಗದ, ಯೋಜನೆಗಳ ಬಹುದೊಡ್ಡ ಪಾಲು ಈ ಊರನ್ನು ದಾಟಿ ಹೋಗುತ್ತದೆ. ವಿಶ್ವಸಂಸ್ಥೆಯ ಮೂರು ಸಂಸ್ಥೆಗಳು ಇಲ್ಲಿವೆ. ಕೃಷಿ ಮತ್ತು ಆಹಾರದ ಎಫ್‌ಎಓ, ಹಸಿದವರಿಗೆ ಆಹಾರ ಮುಟ್ಟಿಸುವ ಡಬ್ಲ್ಯುಎಫ್‌ಪಿ, ಬೇಸಾಯಕ್ಕೆ ಸಾಲ ಕೊಡುವ ಇಫಾಡ್. ಅಲ್ಲೆಲ್ಲ ಕೆಲಸದ ಮೇಲೆ ವರ್ಷಗಟ್ಟಲೆ ಓಡಾಡಿದ ಗೆಳತಿ ಈಗ ಅಲ್ಲೇ ನೆಲೆಸಿದ್ದಾಳೆ. ಬಾ ತೋರಿಸ್ತೀನಿ ಎಂದಿದ್ದಳು.

ಒಳಗೆ ಹೋಗಲಾಗದೆ ಕಟ್ಟಡಕ್ಕೆ ಒಂದು ಸುತ್ತು ಹಾಕಿದೆ. ಎದುರಿಗೆ ಹಳೆಯ ರಥದ ಓಟದ ಮೈದಾನ, ಸರ್ಕಸ್ ಮ್ಯಾಕ್ಸಿಮಸ್. ಈಗ ಅದು ಬರೀ ಹುಲ್ಲಿನ ತಗ್ಗು. ಈಚೆಗೆ ಬಿಳಿ ಬಣ್ಣದ, ಉದ್ದುದ್ದ ಕಿಟಕಿಗಳ ದೊಡ್ಡ ಕಟ್ಟಡ. ಮುಸೊಲಿನಿ ಕಾಲದಲ್ಲಿ ಇದನ್ನು ಕಟ್ಟಲು ಶುರು ಮಾಡಿದ್ದು ಆಫ್ರಿಕಾದ ವಸಾಹತುಗಳನ್ನು ಆಳುವ ಸಚಿವಾಲಯಕ್ಕಾಗಿ. ಯುದ್ಧ ಮುಗಿಯಿತು, ವಸಾಹತುಗಳು ಕೈಬಿಟ್ಟವು. 1951ರಲ್ಲಿ ವಾಷಿಂಗ್ಟನ್‌ನಿಂದ ಎಫ್‌ಎಓ ಇಲ್ಲಿಗೆ ಬಂತು. ಆಳಲು ಕಟ್ಟಿದ ಮನೆಗೆ ಅನ್ನದ ಲೆಕ್ಕ ಹಾಕುವವರು ಒಕ್ಕಲು ಬಂದರು.

ಇದರ ಮುಂದೆ ಒಂದು ಕಲ್ಲುಕಂಬ ನಿಂತಿತ್ತು. ಇಥಿಯೋಪಿಯಾದ ಆಕ್ಸುಮ್‌ನಿಂದ 1937ರಲ್ಲಿ ತಂದು ನಿಲ್ಲಿಸಿದ್ದು. ಎತ್ತರ ಸುಮಾರು 24 ಮೀಟರ್. 1947ರ ಶಾಂತಿ ಒಪ್ಪಂದದಲ್ಲೇ ವಾಪಸ್ ಕೊಡಲು ಇಟಲಿ ಒಪ್ಪಿತ್ತು. ಕೊಟ್ಟಿದ್ದು ಮಾತ್ರ 2005ರಲ್ಲಿ, ಮೂರು ತುಂಡು ಮಾಡಿ, ವಿಮಾನದಲ್ಲಿ. ಅಂದರೆ ಐವತ್ತಕ್ಕೂ ಜಾಸ್ತಿ ವರ್ಷ ಇಥಿಯೋಪಿಯಾದ ಬೇಸಾಯದ ಬಗ್ಗೆ ಒಳಗೆ ಸಭೆಗಳು ನಡೆದಾಗ, ಅವರ ಊರಿನ ಕಲ್ಲು ಹೊರಗೆ ನಿಂತೇ ಇತ್ತು. ಆ ದೇಶದವರು ಅದನ್ನು ದಾಟಿಕೊಂಡು ಒಳಗೆ ಹೋಗುವಾಗ ಏನಂದುಕೊಂಡಿರಬಹುದು? ಬಿಸಿಲು ಜೋರಾಗಿತ್ತು. ಬಹಳ ಹೊತ್ತು ನಿಲ್ಲಲಿಲ್ಲ.

ಮಧ್ಯಾಹ್ನ ವಿಲ್ಲಾ ಬೊರ್ಗೀಸೆ ತೋಟಕ್ಕೆ ಹೋದೆ. ಜನ ಅಲ್ಲಿಗೆ ಶಿಲ್ಪ ನೋಡಲು ಹೋಗುತ್ತಾರೆ. ನನಗೆ ಬೇಕಿದ್ದದ್ದು ಮರಗಳ ನಡುವಿನ ವಿಲ್ಲಾ ಲೂಬಿನ್. ಈ ಡೇವಿಡ್ ಲೂಬಿನ್‌ನ ಕಥೆ ನನಗೆ ಬಹಳ ಇಷ್ಟ. ಪೋಲೆಂಡಿನಲ್ಲಿ ಹುಟ್ಟಿ, ಚಿಕ್ಕವನಿದ್ದಾಗಲೇ ಅಮೆರಿಕ ಸೇರಿದವನು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಅಂಗಡಿ ಇಟ್ಟ. ಚೌಕಾಸಿ ಇಲ್ಲ, ಎಲ್ಲರಿಗೂ ಒಂದೇ ದರ. ವ್ಯಾಪಾರ ಚೆನ್ನಾಗಿ ಕುದುರಿತು. ಆಮೇಲೆ ಜಮೀನು ಕೊಂಡು ಬೇಸಾಯಕ್ಕಿಳಿದ. ಅಲ್ಲಿ ಎಲ್ಲಾ ಉಲ್ಟಾ! ಅಂಗಡಿಯಲ್ಲಿ ಬೆಲೆ ಕಟ್ಟುತ್ತಿದ್ದವನು ತಾನು. ಹೊಲದಲ್ಲಿ ಬೆಳೆದದ್ದಕ್ಕೆ ಬೆಲೆ ಕಟ್ಟುವವರು ದೂರದ ಪೇಟೆಯಲ್ಲಿ ಕೂತವರು. ಯಾವ ದೇಶದಲ್ಲಿ ಎಷ್ಟು ಬೆಳೆದಿದೆ ಎಂಬ ಲೆಕ್ಕ ಅವರ ಬಳಿ ಇದೆ, ರೈತನ ಬಳಿ ಇಲ್ಲ.

ಆ ಲೆಕ್ಕ ಎಲ್ಲರಿಗೂ ಸಿಗಬೇಕು, ಅದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆ ಬೇಕು ಎಂದು ಹಟ ಹಿಡಿದ. ಯುರೋಪಿನ ಸರ್ಕಾರಗಳ ಬಾಗಿಲು ಬಡಿದು ಬಡಿದು ಸಾಕಾಗಿ ಕೊನೆಗೆ ಇಟಲಿಯ ರಾಜ ಮೂರನೇ ವಿಟೊರಿಯೊ ಇಮ್ಯಾನುಯೆಲ್‌ನ ಮನಸ್ಸು ಗೆದ್ದ. 1905ರಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಹುಟ್ಟಿತು. ಅದರ ಮನೆಯೇ ಈ ವಿಲ್ಲಾ. 1919ರ ಹೊಸ ವರ್ಷದ ದಿನ ಲೂಬಿನ್ ಇದೇ ಊರಿನಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡ. ಅವನ ಸಂಸ್ಥೆಯ ಪುಸ್ತಕಗಳು ಮುಂದೆ ಎಫ್‌ಎಓ ಪಾಲಾದವು. ಅಲ್ಲಿನ ಗ್ರಂಥಾಲಯಕ್ಕೆ ಇವತ್ತಿಗೂ ಅವನ ಹೆಸರೇ. ಒಂದು ಮಾತು ಗಮನಿಸಿ. ರೈತನಿಗೆ ಏನಾದರೂ ಕೊಡಿ ಎಂದು ಅವನು ಬೇಡಲಿಲ್ಲ. ಅವನಿಗೂ ಗೊತ್ತಾಗಲಿ ಎಂದ, ಅಷ್ಟೇ.

ಮರುದಿನ ಪಾಸ್‌ಪೋರ್ಟ್ ಜೇಬಿನಲ್ಲಿತ್ತು. ಗೆಳತಿ ಮೊದಲು ಇಫಾಡ್ ತೋರಿಸುತ್ತೇನೆಂದಳು. ಮೆಟ್ರೋ ಬಿ ಲೈನ್‌ನಲ್ಲಿ ಕೊನೆಯ ಸ್ಟೇಷನ್ ಲಾರೆಂಟಿನಾ. ಪುರಾತನ ರೋಮಿನ ಸುಳಿವೂ ಇಲ್ಲದ ಬಡಾವಣೆ. ಕಚೇರಿಯನ್ನು ನೋಡಿದರೆ ಯಾವುದೋ ಬ್ಯಾಂಕಿನ ಮುಖ್ಯ ಕಚೇರಿಯಂತಿದೆ.

"ಬ್ಯಾಂಕೇ ಮಾರಾಯ, ಇನ್ನೇನು!" ಎಂದು ನಕ್ಕಳು. "ನೆರವು ಅಂದ್ರೆ ದಾನ ಅಂದ್ಕೊಂಡಿದ್ಯಾ? ಇಲ್ಲಿ ಜಾಸ್ತಿ ಪಾಲು ಸಾಲ."

ಎಪ್ಪತ್ತರ ದಶಕದ ಆಹಾರದ ಬಿಕ್ಕಟ್ಟಿನ ನಡುವೆ, 1974ರಲ್ಲಿ, ರೋಮಿನಲ್ಲಿ ಜಾಗತಿಕ ಆಹಾರ ಸಮ್ಮೇಳನ ನಡೆಯಿತು. ಅದರ ಫಲವಾಗಿ 1977ರಲ್ಲಿ ಇಫಾಡ್ ಬಂತು. ಪಶ್ಚಿಮದ ಸಿರಿವಂತ ದೇಶಗಳು, ಎಣ್ಣೆ ಮಾರುವ ದೇಶಗಳು ಎರಡೂ ದುಡ್ಡು ಹಾಕಿದವು. ತೀರಾ ಬಡ ದೇಶಗಳಿಗೆ ತೀರಿಸಲು 40 ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ಗಡುವು ಕೊಡುತ್ತಾರೆ, ಮೊದಲ 10 ವರ್ಷ ಅಸಲು ಕೇಳುವುದಿಲ್ಲ. ಸಹಿ ಹಾಕಿದ ಮಂತ್ರಿ ಕೊನೆಯ ಕಂತಿನ ಹೊತ್ತಿಗೆ ಎಲ್ಲಿರುತ್ತಾನೋ! ಈ ಹಣ ನೇರ ರೈತನ ಕೈಗೆ ಬರುವುದಿಲ್ಲ. ಸರ್ಕಾರಕ್ಕೆ, ಅಲ್ಲಿಂದ ಯೋಜನೆಯ ಕಚೇರಿಗೆ, ಅಲ್ಲಿಂದ ಹಳ್ಳಿಗೆ. ಕಾಲುವೆ ಉದ್ದವಿದ್ದಷ್ಟೂ ನೀರು ಇಂಗುವುದು ಜಾಸ್ತಿ, ಅಲ್ವಾ?

ಗೆಳತಿ ಒಂದು ಹಳ್ಳಿಯ ಕಥೆ ಹೇಳಿದಳು. ನೆರವಿನ ಹಣದಲ್ಲಿ ನೀರಿನ ಪಂಪು ಹಾಕಿದ್ದರು. ಯೋಜನೆ ಮುಗಿಯಿತು, ವರದಿ ಬಂತು, ಫೋಟೋನೂ ಬಂತು. ಇವಳು ಹೋಗಿ ನೋಡುವಾಗ ಪಂಪು ಕೆಟ್ಟು ಎರಡು ವರ್ಷ. ಬೇಕಾಗಿದ್ದು ಒಂದು ವಾಷರ್. "ಅದು ಆ ಊರ ಸುತ್ತ ಯಾವ ಅಂಗಡೀಲೂ ಸಿಗ್ತಿರ್ಲಿಲ್ಲ ಕಣೋ. ಪಂಪು ಬಂದ ದೇಶದಿಂದಲೇ ಬರ್ಬೇಕು. ತರಿಸೋಣ ಅಂದ್ರೆ ಯೋಜನೆಯ ಖಾತೆ ಮುಚ್ಚಿತ್ತು."

ಎಫ್‌ಎಓ ಲೆಕ್ಕದಲ್ಲಿ ಜಗತ್ತಿನ ಪ್ರತಿ 6 ಹಿಡುವಳಿಗಳಲ್ಲಿ 5 ಎರಡು ಹೆಕ್ಟೇರಿಗಿಂತ ಸಣ್ಣವು. ಇವರ ಕೈಯಲ್ಲಿರುವ ಭೂಮಿ ಶೇ. 12ರಷ್ಟು. ಬೆಳೆಯುವ ಆಹಾರ ಮಾತ್ರ ಸುಮಾರು ಶೇ. 35. ಇಂಥವರು ಕೆಲಸ ಗೊತ್ತಿಲ್ಲದವರೇನಲ್ಲ. ಆದರೂ ಬಡವರು ಯಾಕೆ?

ಸಂಜೆ ಅವಳ ಮನೆಯಲ್ಲಿ ಇದೇ ಮಾತು ಬಂತು. ಎದ್ದು ಹೋಗಿ ಅಟ್ಟದಿಂದ ಒಂದು ಚೀಲ ತಂದು ನನ್ನ ಮಡಿಲಿಗೆ ಹಾಕಿದಳು. ಹೊರಗೆ ಮಾಮೂಲಿ ಪ್ಲಾಸ್ಟಿಕ್ ನೇಯ್ಗೆಯ ಚೀಲ. ಒಳಗೆ ಒಂದರೊಳಗೊಂದು ಎರಡು ದಪ್ಪ ಪಾಲಿಥೀನ್ ಚೀಲ. ಅಡಿಗೆಮನೆಯ ಡಬ್ಬದಲ್ಲಿದ್ದ ಕಾಳು ಸುರಿದು ತೋರಿಸಿದಳು. ಗಾಳಿ ಹೋಗುವ ಹಾಗೆ ಒತ್ತಿದಳು. ಒಳಗಿನದರ ಬಾಯಿ ಹುರಿ ಮಾಡಿ, ಮಡಚಿ, ದಾರ ಬಿಗಿದಳು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೂ ಹಾಗೇ. ಒಳಗಿರುವ ಹುಳುಗಳು ಉಸಿರಾಡಿ ಇದ್ದ ಆಮ್ಲಜನಕ ಮುಗಿಸುತ್ತವೆ. ಆಮೇಲೆ ತಿನ್ನುವುದು ನಿಲ್ಲಿಸುತ್ತವೆ, ಒಣಗಿ ಸಾಯುತ್ತವೆ. ಔಷಧಿ ಹೊಡೆಯುವ ಗೋಜೇ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನ್‌ನಲ್ಲಿ, ಅಲಸಂದೆಗೆ ಬೀಳುವ ಹುಳುವಿಗಾಗಿ ಕಂಡುಕೊಂಡ ಉಪಾಯ ಇದು. ಹೆಸರು ಪಿಕ್ಸ್.

ಹುಳು ಬೀಳುವ ಭಯಕ್ಕೆ ರೈತ ಕೊಯ್ಲಾದ ಕೂಡಲೇ ಮಾರುತ್ತಾನೆ. ಎಲ್ಲರೂ ಆಗಲೇ ಮಾರುವುದರಿಂದ ಬೆಲೆ ನೆಲಕ್ಕೆ ಬಿದ್ದಿರುತ್ತದೆ. ಚೀಲ ಇದ್ದರೆ ಕೆಲವು ತಿಂಗಳು ಕಾಯಬಹುದು. ನನಗೆ ಲೂಬಿನ್ ನೆನಪಾದ.

ಈ ಚೀಲದ ಸಂಶೋಧನೆಗೆ ದುಡ್ಡು ಕೊಟ್ಟಿದ್ದು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿ. ಆ ಸಂಸ್ಥೆಯೇ 2025ರ ಜುಲೈನಲ್ಲಿ ಕೆಲಸ ನಿಲ್ಲಿಸಿತು. ಚೀಲ ಮಾತ್ರ ನಿಂತಿಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಅಲ್ಲಲ್ಲಿನ ಕಾರ್ಖಾನೆಯವರೇ ಮಾಡುತ್ತಾರೆ, ಅಂಗಡಿಯವರು ಮಾರುತ್ತಾರೆ, ರೈತರು ಕಾಸು ಕೊಟ್ಟು ಒಯ್ಯುತ್ತಾರೆ. "ಇದರ ವಾಷರ್ ಅಂಗಡೀಲಿ ಸಿಗುತ್ತೆ ಅನ್ನು" ಎಂದೆ. ಅವಳು ಕಾಳನ್ನು ಡಬ್ಬಕ್ಕೆ ವಾಪಸ್ ಸುರಿದು, ಚೀಲ ಕೊಡವಿ ನನಗೇ ಕೊಟ್ಟಳು.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದೇ ಸಿಕ್ಕಿಬಿತ್ತು. ಅಧಿಕಾರಿ ಒಳಗಿನ ಒಂದೊಂದು ಪದರವನ್ನೂ ಎಳೆದು, ಬೆಳಕಿಗೆ ಹಿಡಿದು ನೋಡಿದರು.

"ಏನಿದು?"

"ಕಾಳು ತುಂಬಿಡುವ ಚೀಲ."

"ಕಾಳು ಎಲ್ಲಿ?"

"ಇಲ್ಲ. ಬರೀ ಚೀಲ."

ಅವರು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ, ಮೂರನ್ನೂ ಒಂದರೊಳಗೊಂದು ತುರುಕಲು ಶುರು ಮಾಡಿದರು.