ತಮ್ಮ ಎರಡನೇ ಸಲ ನೀರಿಗಿಳಿದ ದಿನ

ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ರೈಲು ಇಳಿದು ಸೀದಾ ತಮ್ಮನ ಸಭೆಗೆ (ಚರ್ಚಿಗೆ) ಹೋದೆ. ಅವತ್ತು ಅವನಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ. ಅವ್ವ ಬರಲಿಲ್ಲ. "ಒಮ್ಮೆ ಆಗೇದ. ಮತ್ತೊಮ್ಮೆ ಯಾಕ?" ಅಂದಳು, ಅಷ್ಟೇ. ಆದರೂ ನನ್ನ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿದ್ದಳು.

ನಮ್ಮದು ಧಾರವಾಡದ ಬಾಸೆಲ್ ಮಿಶನ್ ಮನೆತನ. ಅದು ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಶನರಿ ಸಂಸ್ಥೆ. ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಈಗ ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ನಮ್ಮಲ್ಲಿ ಕೂಸಿಗೇ ದೀಕ್ಷಾಸ್ನಾನ ಕೊಡುತ್ತಾರೆ. ದೊಡ್ಡವರಾದ ಮೇಲೆ ದೃಢೀಕರಣ. ಹೆತ್ತವರು ನಮ್ಮ ಪರವಾಗಿ ಕೊಟ್ಟ ಮಾತನ್ನು ಆವಾಗ ನಾವೇ ಸಭೆಯ ಮುಂದೆ ನಿಂತು ಹೇಳುತ್ತೇವೆ. ತಮ್ಮನಿಗೆ ಎರಡೂ ಆಗಿತ್ತು. ಆದರೆ ಅವನು ಈಗ ಹೋಗುವುದು ಪೆಂಟೆಕೋಸ್ಟಲ್ ಸಭೆಗೆ. ಅಲ್ಲಿ ಕೂಸಿನ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲ. ಮೊದಲು ತಾನೇ ನಂಬಬೇಕು, ಆಮೇಲೆ ನೀರು. ಅದೂ ಪೂರ್ತಿ ಮುಳುಗಬೇಕು.

ಸಭಾಂಗಣದ ಮೂಲೆಯಲ್ಲಿ ಟೈಲ್ಸ್ ಹಾಕಿದ ತೊಟ್ಟಿ ಇತ್ತು. ಬಿಳಿ ಬಟ್ಟೆ ಉಟ್ಟ ಏಳು ಜನ. ಒಬ್ಬೊಬ್ಬರೂ ಮೈಕಿನ ಮುಂದೆ ಸಾಕ್ಷಿ, ಅಂದರೆ ತಾವು ನಂಬಿದ ಕಥೆ, ಹೇಳಿದರು. ಪ್ರತಿಯೊಬ್ಬರ ಬಳಿಯೂ ಒಂದು ತಾರೀಖು ಇತ್ತು. ಇಂಥ ದಿನ, ಇಂಥ ಹೊತ್ತಿನಲ್ಲಿ ನಾನು ರಕ್ಷಣೆ ಹೊಂದಿದೆ, ಅಂದರೆ ಪಾಪದಿಂದ ಬಿಡುಗಡೆ ಪಡೆದೆ ಅಂತ. ತಮ್ಮ ಹೇಳಿದ್ದು 2022ರ ಆಗಸ್ಟ್ 14. ಅವತ್ತು ರಾತ್ರಿ ಕುಡಿದು ರೂಮಿನಲ್ಲಿ ಬಿದ್ದಿದ್ದವನನ್ನು ಪಕ್ಕದ ರೂಮಿನ ಹುಡುಗ ಎಬ್ಬಿಸಿ ಕೂರಿಸಿದನಂತೆ. ಬೆಳಗಿನವರೆಗೂ ಜೊತೆಗಿದ್ದು ಪ್ರಾರ್ಥಿಸಿದನಂತೆ. ಆಮೇಲೆ ಒಂದು ಹನಿಯೂ ಮುಟ್ಟಿಲ್ಲ. ಅವನ ಕುಡಿತ ನಮಗೆ ಗೊತ್ತಿತ್ತು. ಆ ರಾತ್ರಿ ಗೊತ್ತಿರಲಿಲ್ಲ. ನಾನು ಅಲ್ಲೇ ಕೂತು ಅತ್ತೆ.

ಪಕ್ಕದಲ್ಲಿದ್ದ ಹಿರಿಯ ಹೆಂಗಸು ನನ್ನ ಕೈ ಹಿಡಿದು, "ನೀವು ಯಾವಾಗ ರಕ್ಷಣೆ ಹೊಂದಿದ್ರಿ ಸಿಸ್ಟರ್?" ಅಂತ ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. ನನಗೆ ಬಾಯಿ ಬರಲಿಲ್ಲ. ನೆನಪು ಬಂದಾಗಿನಿಂದ ನಾನು ಯೇಸುವನ್ನು ನಂಬಿದ್ದೇನೆ. ನಂಬದೇ ಇದ್ದ ದಿನವೇ ನೆನಪಿಲ್ಲದವಳು ತಾರೀಖು ಎಲ್ಲಿಂದ ತರಲಿ?

ಉಪದೇಶ ಮಾಡುತ್ತಾ ಪಾಸ್ಟರ್, ಕೂಸಿಗೆ ನೀರು ಚಿಮುಕಿಸುವುದು ಬರೀ ತಲೆ ಒದ್ದೆ ಮಾಡಿದ ಹಾಗೆ ಅಂದರು. ಆ ಮಾತು ಚುಚ್ಚಿತು. ಆದರೆ ಅವರು ತಮ್ಮನ ಹೆಗಲು ಹಿಡಿದು "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ" ಅಂದಾಗ ಮೈ ಜುಮ್ಮೆಂದಿತು. ಧಾರವಾಡದಲ್ಲಿ ಮೂರು ತಿಂಗಳ ಕೂಸಿಗೆ ಹೇಳಿದ್ದೂ ಇದೇ ಮಾತು. ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ.

ಮಧ್ಯಾಹ್ನ ಅವನ ರೂಮಿನಲ್ಲಿ ಹೋಳಿಗೆ ತಿನ್ನುತ್ತಾ ಕೂತಿದ್ದೆವು. ಮುಳುಗುವುದು ಕ್ರಿಸ್ತನ ಜೊತೆ ಸತ್ತು ಹೂಳಿಸಿಕೊಂಡ ಹಾಗೆ, ಮೇಲೇಳುವುದು ಅವನ ಜೊತೆ ಎದ್ದ ಹಾಗೆ ಅಂತ ವಿವರಿಸಿದ. ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ಅದು ನನಗೂ ಒಪ್ಪಿಗೆಯೇ. ಒಪ್ಪಲಾಗದ್ದು ಆಮೇಲೆ ಬಂತು. ಹೊಸದಾಗಿ ಹುಟ್ಟದವರು ದೇವರ ರಾಜ್ಯ ಕಾಣುವುದಿಲ್ಲ, ಅವ್ವನೂ ಈ ತೀರ್ಮಾನ ಮಾಡಬೇಕು ಅಂದ.

"ಹಂಗಾದ್ರ ಅಪ್ಪ?" ಅಂದೆ.

ಅಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಒಂದು ದಿನವೂ ಸಾಕ್ಷಿ ಹೇಳಿದವರಲ್ಲ. ರಾತ್ರಿ ಊಟಕ್ಕೆ ಮುಂಚೆ ಬೈಬಲಿನ ಒಂದು ಕೀರ್ತನೆ ಓದದೆ ತಟ್ಟೆ ಮುಟ್ಟಿದವರೂ ಅಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಮಾತು ನಿಂತಿತ್ತು. ಇದೇ ತಮ್ಮ ಕಿವಿಯ ಹತ್ತಿರ 23ನೇ ಕೀರ್ತನೆ ಓದುತ್ತಿದ್ದ. ಅವರ ತುಟಿ ಜೊತೆಯಲ್ಲೇ ಅಲುಗುತ್ತಿತ್ತು.

ತಮ್ಮ ತುಂಬಾ ಹೊತ್ತು ಸುಮ್ಮನಿದ್ದ. ಡಬ್ಬಿಯ ಮುಚ್ಚಳ ಹಾಕಿದ, ತೆಗೆದ. "ಅದು ದೇವರ ಕೈಯಾಗ ಐತಿ ಅಕ್ಕ" ಅಂದ. ಕಣ್ಣು ತುಂಬಿತ್ತು. ನಾನು ಅದಕ್ಕಿಂತ ಜಾಸ್ತಿ ಕೆದಕಲಿಲ್ಲ. ನಾವೆಲ್ಲ ನಂಬಿರುವುದೂ ಅದನ್ನೇ ಅಲ್ವಾ?

ಮರುದಿನ ಆಫೀಸಿನಲ್ಲಿ ಮಂಗಳೂರಿನ ಕ್ಯಾಥೋಲಿಕ್ ಗೆಳತಿಗೆ ಇದನ್ನೆಲ್ಲ ಹೇಳಿದೆ. "ರಕ್ಷಣೆ ಆಯ್ತು ಅಂತ ನಾವು ಹೇಳುವುದಿಲ್ಲ" ಅಂದಳು. ದೀಕ್ಷಾಸ್ನಾನದಲ್ಲಿ ಶುರು, ಆಮೇಲೆ ಬೀಳುವುದು, ಪಾಪನಿವೇದನೆ ಮಾಡಿ ಏಳುವುದು, ಸಾಯುವವರೆಗೂ ಅದೇ ದಾರಿ. ಹಾಗಾದರೆ ನಮ್ಮ ಪ್ರಯತ್ನದಿಂದ ರಕ್ಷಣೆಯಾ ಅಂತ ಕೇಳಿದರೆ, ಖಂಡಿತ ಅಲ್ಲ, ಎಲ್ಲಾ ಕೃಪೆಯೇ ಅಂದಳು. ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು ಎತ್ತಿದ ಜಗಳ ಕೊನೆಗೆ ಈ ಪ್ರಶ್ನೆಗೇ ಬಂದು ನಿಂತಿತ್ತು. ಅದೇ ತಾರೀಖಿಗೆ, 1999ರಲ್ಲಿ, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ ಪಂಥದ ಲೂಥರನ್ನರೂ ಕ್ಯಾಥೋಲಿಕರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ ಅಂತ. ಇನ್ನೊಂದು ಪ್ರೊಟೆಸ್ಟಂಟ್ ಪಂಗಡವಾದ ಮೆಥಡಿಸ್ಟರು 2006ರಲ್ಲಿ ಸೇರಿಕೊಂಡರು. ಆ ಕಾಗದ ನಮ್ಮ ಮನೆಯ ಜಗಳ ಬಿಡಿಸುವುದಿಲ್ಲ, ನಿಜ. ಆದರೂ ಅವತ್ತು ನನಗೆ ಧೈರ್ಯ ಬಂತು.

ಸಂಜೆ ಧಾರವಾಡಕ್ಕೆ ಹೋಗಿ ಅವ್ವನಿಗೆ ಎಲ್ಲಾ ಹೇಳಿದೆ. ತಲೆ ಒದ್ದೆಯ ಮಾತನ್ನೂ ಹೇಳಿಬಿಟ್ಟೆ.

"ಅವತ್ತು ನನ್ನ ತೊಡಿ ಮ್ಯಾಲೆ ಮಲಗಿದ್ದ. ಏನೂ ತಿಳೀತಿರಲಿಲ್ಲ ಅವನಿಗೆ. ಏನೂ ಕೇಳಿರಲಿಲ್ಲ, ಏನೂ ಮಾಡಿರಲಿಲ್ಲ. ಆದರೂ ದೇವರು ನನ್ನವನು ಅಂದ. ಕೃಪೆ ಅಂದ್ರ ಮತ್ತೇನು?" ಅಂದಳು. ಆಮೇಲೆ ಬೈಬಲಿನಲ್ಲಿ ಯೋಹಾನನ ಸುವಾರ್ತೆಯ 3ನೇ ಅಧ್ಯಾಯ ತೆಗೆದಳು. ಹೊಸದಾಗಿ ಹುಟ್ಟಬೇಕು ಅಂತ ಯೇಸು ಯೆಹೂದ್ಯ ಮುಖಂಡ ನಿಕೊದೇಮನಿಗೆ ಹೇಳುವ ಜಾಗ. ಮೂಲ ಗ್ರೀಕಿನಲ್ಲಿ ಆ ಪದಕ್ಕೆ 'ಮೇಲಿನಿಂದ' ಅಂತಲೂ ಅರ್ಥವಿದೆ ಅಂತ ನಮ್ಮ ಸಭಾಪಾಲಕರು ಹೇಳಿಕೊಟ್ಟಿದ್ದರು. ಅವ್ವ ಬೆರಳಿಟ್ಟದ್ದು 8ನೇ ವಚನಕ್ಕೆ. ಗಾಳಿಯ ಸಪ್ಪಳ ಕೇಳುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಆತ್ಮನಿಂದ ಹುಟ್ಟಿದವರೆಲ್ಲರೂ ಹಾಗೆಯೇ. "ತಾರೀಖು ಕೇಳೋರಿಗೆ ಇಲ್ಲೀತನಕ ಓದಾಕ ಹೇಳು."

ನಮ್ಮ ಮನೆಯ ಸತ್ಯವೇದದ (ಬೈಬಲಿನ) ಮೊದಲ ಹಾಳೆಯಲ್ಲಿ ಎಲ್ಲರ ಹುಟ್ಟು, ದೀಕ್ಷಾಸ್ನಾನ, ದೃಢೀಕರಣದ ದಿನಗಳಿವೆ. ಎಲ್ಲಾ ಅಪ್ಪನ ಕೈಬರಹ. ಅವ್ವ ಅದನ್ನು ತೆಗೆದು ಪೆನ್ನು ಹುಡುಕಿದಳು. ಭಾನುವಾರದ ತಾರೀಖು ಬರೆಯುತ್ತಾಳೆ ಅಂದುಕೊಂಡೆ.

"ಅವ ಕುಡಿಯೋದು ಬಿಟ್ಟದ್ದು ಯಾವತ್ತು ಅಂದಿ?"

ಹೇಳಿದೆ. ತಮ್ಮನ ಹೆಸರಿನ ಸಾಲಿನಲ್ಲಿ, ದೃಢೀಕರಣದ ಪಕ್ಕ, ಅದನ್ನು ಬರೆದಳು.