ಷರಾ ಕಾಲಂನಲ್ಲಿ ಕರಡಿ

ಕಬ್ಬಿಣದ ಊರಲ್ಲೂ ಕಬ್ಬಿಣ ಕಳುವಾಗುತ್ತದೆ ಅಂತ ನನಗೆ ಗೊತ್ತಾಗಿದ್ದು ಸಂಡೂರಿನಲ್ಲಿ. ಹಿಂದಿನ ವರ್ಷ ಗಣಿಯ ಡಂಪಿನ ಮೇಲೆ, ಅಂದರೆ ಗಣಿಯವರು ಬಿಸಾಡಿದ ತ್ಯಾಜ್ಯದ ಗುಡ್ಡೆಯ ಮೇಲೆ, ಪ್ರತಿ ಪ್ಲಾಟಿನ ನಾಲ್ಕು ಮೂಲೆಗೂ ಸರಳು ಹೊಡೆದು ಬಂದಿದ್ದೆವು. ಈ ಸಲ ಅಕ್ಟೋಬರಿನಲ್ಲಿ ಹೋದರೆ ಒಂದೂ ಇಲ್ಲ. ಯಾರೋ ಕಿತ್ತು ಗುಜರಿಗೆ ಹಾಕಿದ್ದರು.

ಪ್ಲಾಟ್ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ. ಪ್ರತಿ ವರ್ಷ ಅದೇ ಚೌಕಕ್ಕೆ ಹೋಗಿ ಅವೇ ಗಿಡಗಳನ್ನು ಅಳೆಯಬೇಕು. ಎತ್ತರ ಎಷ್ಟು, ಬುಡದ ಸುತ್ತಳತೆ ಎಷ್ಟು, ಎಷ್ಟು ಬದುಕಿವೆ. ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತದೆ. ಇಷ್ಟು ಸಣ್ಣ ಚೌಕಕ್ಕೆ ಐದು ಮೀಟರ್ ತಪ್ಪಿದರೆ ಅರ್ಧ ಪ್ಲಾಟೇ ಹೋಯ್ತು, ಅಲ್ವಾ?

ಕೊನೆಗೆ ಜಾಗ ಹುಡುಕಿಕೊಟ್ಟಿದ್ದು ನರ್ಸರಿ ಕಾಯುವ ತಾತ. ಹುಡುಗನಾಗಿದ್ದಾಗಿಂದ ಈ ಗುಡ್ಡಗಳಲ್ಲಿ ಕುರಿ ಮೇಯಿಸಿದವರು. ಒಂದು ಬಂಡೆ ತೋರಿಸಿ, “ಹೋದ ವರ್ಸ ಇದ್ರ ಮ್ಯಾಲೆ ಕುಂತು ಬುತ್ತಿ ಉಂಡಿದ್ದಿ ನೋಡವ್ವ” ಅಂದರು. ಕೆಂಪು ಧೂಳು ಒರೆಸಿದೆ. ನಾವೇ ಬಳಿದಿದ್ದ ನೀಲಿ ಬಣ್ಣ ಕಾಣಿಸಿತು.

ಈ ಡಂಪಿನ ಮೇಲೆ ಗಿಡ ಬಂದ ಕಥೆ ಕೋರ್ಟಿನಿಂದ ಶುರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಮತ್ತೆ ಅದಿರು ತೆಗೆಯಬೇಕೆಂದರೆ ಮೊದಲು ಕೆಟ್ಟ ನೆಲ ಸರಿಮಾಡುವ ಯೋಜನೆ ಬೇಕು ಎಂದಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿಯವರು ಒಂದೊಂದು ಗಣಿಗೂ ಯೋಜನೆ ಬರೆದರು. ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವುದು, ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹೊದಿಸುವುದು, ಮಳೆಗೆ ಮಣ್ಣು ಹಳ್ಳ ಸೇರದ ಹಾಗೆ ಕೆಳಗೆ ಒಡ್ಡು ಕಟ್ಟುವುದು, ಸಸಿ ನೆಡುವುದು.

ನಾನು ಮಣ್ಣು ಅಂದೆ. ಅದು ತಪ್ಪು. ಡಂಪಿನಲ್ಲಿರುವುದು ಅದಿರಿನ ಆಸೆಗೆ ಬಗೆದು ಬಿಸಾಡಿದ ಕಲ್ಲು, ಜಲ್ಲಿ, ಕೆಂಪು ಪುಡಿ. ಮೇಲೆ ಟಿಪ್ಪರ್ ಓಡಾಡಿ ಗಟ್ಟಿಯಾಗಿರುತ್ತದೆ. ಕೊಳೆತ ಎಲೆ ಇಲ್ಲ, ಎರೆಹುಳು ಇಲ್ಲ. ಇರುವ ಚೂರು ರಂಜಕವನ್ನೂ ಕಬ್ಬಿಣ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಮಳೆ ಬಂದರೆ ನೀರು ಇಂಗುವ ಬದಲು ಜಾರಿ ಓಡುತ್ತದೆ.

ಹಗ್ಗ ಎಳೆದು ಎಣಿಸಲು ಕೂತೆ. ಎರಡು ಮೀಟರಿಗೊಂದರಂತೆ ನೆಟ್ಟ ಲೆಕ್ಕದಲ್ಲಿ ಪ್ಲಾಟಿಗೆ 25 ಗಿಡ. ಹೊಂಗೆ, ಬೇವು, ಗ್ಲಿರಿಸಿಡಿಯಾ, ಅಕೇಶಿಯಾ. 22 ಜೀವಂತ ಇದ್ದವು. ಖುಷಿಯಾಯಿತು. ಹೋದ ವರ್ಷ 17 ಇದ್ದದ್ದು ಈ ವರ್ಷ 22 ಹೇಗೆ? ಸತ್ತ ಗಿಡ ಎದ್ದು ಬರುತ್ತದೆಯೇ? ಬುಡ ಅಳೆದಾಗ ತಿಳಿಯಿತು. ಕೆಲವು ನನ್ನ ಮುಂಗೈ ದಪ್ಪ. ಐದು ಮಾತ್ರ ಪೆನ್ಸಿಲಿನಷ್ಟು, ಸುತ್ತ ಗುಂಡಿಯ ಮಣ್ಣು ಇನ್ನೂ ಹಸಿ. ಸತ್ತ ಜಾಗದಲ್ಲಿ ಹೊಸದು ನೆಡುವುದು ತಪ್ಪಲ್ಲ, ನೆಡಲೇಬೇಕು. ಆದರೆ ಜೊತೆಗೆ ಬಂದಿದ್ದ ಸೂಪರ್‌ವೈಸರ್, “ಎಲ್ಲಾ ಒಂದೇ ಕಾಲಂಗೆ ಬರ್ಕೊಳ್ಳಿ ಮೇಡಂ, ಗಿಡ ಗಿಡಾನೇ ತಾನೆ” ಅಂದರು. ನಾನು ಬೇರೆ ಬೇರೆಯಾಗಿಯೇ ಬರೆದೆ. ಅವರು ಮಧ್ಯಾಹ್ನದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಡಂಪಿನ ಮೇಲಿನ ಮೆಟ್ಟಿಲಿನಲ್ಲಿ ಬರೀ ಅಕೇಶಿಯಾ. ರಸ್ತೆಯಿಂದ ನೋಡಿದರೆ ಹಸಿರೋ ಹಸಿರು, ಫೋಟೋಗೆ ಚೆನ್ನ. ಒಳಗೆ ಹೊಕ್ಕರೆ ಕಾಲ ಕೆಳಗೆ ಒಣ ಎಲೆ ಚರಚರ. ಅದು ಬೇಗ ಕೊಳೆಯುವ ಎಲೆಯೂ ಅಲ್ಲ. ಒಂದು ಮೀಟರಿನ ಸಣ್ಣ ಚೌಕ ಇಟ್ಟು ಹುಡುಕಿದೆ. ಹುಲ್ಲು ನಾಲ್ಕು ಎಳೆ. ತಾನಾಗಿ ಹುಟ್ಟಿದ ಸಸಿ ಸೊನ್ನೆ. ಹಾಗೆ ಮೂರು ಕಡೆ ಇಟ್ಟೆ, ಮೂರೂ ಕಡೆ ಅದೇ. ನನಗೇನೋ ಅದನ್ನು ಕಾಡು ಅನ್ನಲು ಬಾಯಿ ಬರುವುದಿಲ್ಲ.

ಇಳಿಯುವಾಗ ತಾತ ನೇರ ದಾರಿ ಬಿಟ್ಟು ಬದಿಯ ಇಳಿಜಾರಿಗೆ ಕರೆದುಕೊಂಡು ಹೋದರು. ಅಲ್ಲಿ ನೆಟ್ಟ ಗಿಡಗಳೆಲ್ಲ ಒಣಗಿದ್ದವು. ನಾರಿನ ಚಾಪೆ ಕೊಳೆತು ಚಿಂದಿಯಾಗಿತ್ತು. ನನ್ನ ಪಟ್ಟಿಯಲ್ಲಿ ಅದು ‘ವಿಫಲ’. ಆದರೆ ಆ ಚಿಂದಿಯ ಸಂದಿಯಲ್ಲೇ ಬಂದರಿಕೆ ಎದ್ದಿತ್ತು. ತಂಗಡಿ ಹಳದಿ ಹೂ ಬಿಟ್ಟಿತ್ತು. ಮೊಣಕಾಲೆತ್ತರ ಹುಲ್ಲು. ಒಂದು ಸೀತಾಫಲದ ಗಿಡವೂ ಇತ್ತು. ಇವನ್ನು ಯಾರೂ ನೆಟ್ಟಿಲ್ಲ. ನನ್ನ ಫಾರಂನಲ್ಲಿ ‘ನೆಟ್ಟದ್ದು’, ‘ಬದುಕಿದ್ದು’ ಅಂತ ಎರಡೇ ಕಾಲಂ. ಬಂದದ್ದಕ್ಕೆ ಜಾಗವೇ ಇಲ್ಲ.

ಒಂದು ಕಡೆ ಅಂಗೈಯಷ್ಟು ಜಾಗದಲ್ಲಿ ಹತ್ತಾರು ಎಳೆ ಸಸಿ ಒತ್ತಿಕೊಂಡು ನಿಂತಿದ್ದವು. ಯಾರೋ ಬೀಜ ಮುಷ್ಟಿಯಲ್ಲಿ ಸುರಿದಂತೆ. ನಾನು ಬಗ್ಗಿ ಎಲೆ ನೋಡುತ್ತಿದ್ದೆ.

“ಕಕ್ಕೆ ಅದು” ಅಂದರು ತಾತ. “ಕರಡಿ ಹಚ್ಚಿದ್ದು.”

“ಕರಡಿನಾ?”

“ಬ್ಯಾಸಿಗ್ಯಾಗ ಕಕ್ಕೆಕಾಯಿ ತಿಂತೈತಿ. ತಿಂದು ಇಲ್ಲಿ ಬಂದು ಹೇತೈತಿ. ಮಳಿ ಬಿತ್ತು, ಹುಟ್ಯಾವು. ನೀವು ಗುಂಡಿ ತೋಡಿ ಹಚ್ತೀರಿ, ಅದಕ್ಕ ಗುಂಡಿನೂ ಬ್ಯಾಡ.”

ದರೋಜಿಯ ಕರಡಿಧಾಮ ಇಲ್ಲಿಗೆ ದೂರವೇನಲ್ಲ. ಆದರೆ ಇಷ್ಟು ಬೋಳು ಡಂಪಿನ ಮೇಲೆ ಕರಡಿ ಯಾಕೆ ಬಂತು? “ಗೆದ್ದಲಿಗೆ” ಅಂದರು. ಒಣಗಿದ ಹೊಂಗೆಯ ಬುಡ ತೋರಿಸಿದರು. ಮಣ್ಣು ಕೆದರಿತ್ತು, ಉಗುರಿನ ಗೀರು ಇತ್ತು. ನಾವು ನೆಟ್ಟು ಸತ್ತ ಗಿಡಕ್ಕೆ ಗೆದ್ದಲು ಬಂದು, ಗೆದ್ದಲಿಗೆ ಕರಡಿ ಬಂದು, ಕರಡಿಯ ಜೊತೆ ಕಕ್ಕೆ ಬಂದಿತ್ತು.

ಸಸಿಗಳನ್ನು ಎಣಿಸಿದೆ. 31. ಫಾರಂನ ಕೊನೆಯ ಷರಾ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ‘ಕಕ್ಕೆ 31, ಕರಡಿ.’

ಮುಂದಿನ ವಾರ ಆಫೀಸಿನಲ್ಲಿ ಕಂಪ್ಯೂಟರಿಗೆ ಹಾಕುವ ಹುಡುಗ ಫೋನ್ ಮಾಡಿದ. “ಮೇಡಂ, ಷರಾದಲ್ಲಿ ಕರಡಿ ಅಂತಿದೆ. ಅದು ಮರವೋ ಪೊದೆಯೋ? ವೈಜ್ಞಾನಿಕ ಹೆಸರು ಹೇಳ್ತೀರಾ?”