ತುಣುಕು ಕಾಡಿನ ಹಕ್ಕಿ ಲೆಕ್ಕ: ಒಟ್ಟು ಮೊತ್ತ ಆಮೇಲೆ ನೋಡಿ

ಮಳೆಕಾಡಿನ ಹಕ್ಕಿ ಸಮೀಕ್ಷೆಗಳ ಡೇಟಾ ನೋಡಿಕೊಳ್ಳುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು, "ಒಟ್ಟು ಎಷ್ಟು ಹಕ್ಕಿ ಸಿಕ್ಕವು?" ಅಂತ. ಅವರಿಗೆ ನಾನು ಬ್ರೆಜಿಲ್‌ನ ಮನೌಸ್ ಬಳಿ 1979ರಲ್ಲಿ ಶುರುವಾದ ಪ್ರಯೋಗದ ಕಥೆ ಹೇಳುತ್ತೇನೆ. ಅಲ್ಲಿ ಅಮೆಜಾನ್ ಕಾಡು ಕಡಿದು ದನ ಮೇಯಿಸಲು ಜಾಗ ಮಾಡುವಾಗ 1, 10, 100 ಹೆಕ್ಟೇರಿನ ತುಣುಕುಗಳನ್ನು ಬೇಕೆಂದೇ ಉಳಿಸಿಕೊಂಡು, ಕಡಿಯುವ ಮೊದಲೂ ಕಡಿದ ಮೇಲೂ ಹಕ್ಕಿ ಹಿಡಿದು ಲೆಕ್ಕವಿಟ್ಟರು. ಸುತ್ತಲಿನ ಕಾಡು ಹೋದ ಹೊಸತರಲ್ಲಿ ತುಣುಕಿನೊಳಗೆ ಬಲೆಗೆ ಬೀಳುವ ಹಕ್ಕಿಗಳು ಹೆಚ್ಚಾದವು! ನೆಲೆ ತಪ್ಪಿದವು ಅಲ್ಲಿಗೆ ಬಂದು ಸೇರಿದ್ದವು. ಆಮೇಲೆ ಸಂಖ್ಯೆ ಮೊದಲಿದ್ದುದಕ್ಕಿಂತಲೂ ಕೆಳಗಿಳಿಯಿತು. ಆರಂಭದ ಅಂಕಿ ಮಾತ್ರ ನೋಡಿ ವರದಿ ಬರೆದಿದ್ದರೆ ಎಲ್ಲ ಕ್ಷೇಮ ಅಂತಲೇ ಬರೆಯಬೇಕಾಗುತ್ತಿತ್ತು.

ಹಾಗಾಗಿ ಯಾವ ಹಕ್ಕಿ ಎಲ್ಲಿ, ಏನು ತಿನ್ನುತ್ತದೆ ಅನ್ನುವುದರ ಮೇಲೆ ಪಟ್ಟಿಯನ್ನು ಬಿಡಿಸಿಕೊಳ್ಳುತ್ತೇನೆ. ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್) ಹೇಗೋ ನಿಭಾಯಿಸುತ್ತವೆ. ತರಗೆಲೆ ಕೆದಕಿ ಹುಳ ಹೆಕ್ಕುವ ಆಂಟ್‌ಥ್ರಷ್, ಆಂಟ್‌ಪಿಟ್ಟಾ, ಲೀಫ್‌ಟಾಸರ್‌ಗಳ ಸಾಲು ಬೇಗ ಖಾಲಿಯಾಗುತ್ತದೆ.

ಖಾಲಿ ಕಂಡ ತಕ್ಷಣ ಹಕ್ಕಿ ಇಲ್ಲವೆಂದು ಬರೆಯುವಂತೆಯೂ ಇಲ್ಲ ನೋಡಿ. ಇವು ಹಾರುವುದಕ್ಕಿಂತ ನಡೆಯುವುದೇ ಹೆಚ್ಚು. ಹಕ್ಕಿ ಹಿಡಿಯಲು ಕಟ್ಟುವ ತೆಳು ಬಲೆಯ (ಮಿಸ್ಟ್ ನೆಟ್) ಕೆಳಗಿನ ದಾರ ಗೇಣಷ್ಟು ಮೇಲಿದ್ದರೂ ಸಾಕು, ಅದರಡಿಯಲ್ಲೇ ನುಸುಳಿ ಹೋಗುತ್ತವೆ. ಅದಕ್ಕೇ ದಾರ ನೆಲಕ್ಕೆ ತಾಗುವಂತಿತ್ತೇ ಎಂದು ಮೊದಲು ಕೇಳುತ್ತೇನೆ, ಆಮೇಲೆ ನಸುಕಿನ ಧ್ವನಿಮುದ್ರಣ ತೆರೆದು ಕೂರುತ್ತೇನೆ. ಬೇಸರದ ಕೆಲಸವೇ, ಆದರೆ ಕಣ್ಣಿಗೆ ಬೀಳದ ಆಂಟ್‌ಪಿಟ್ಟಾ ಇದೆಯೆಂದು ತಿಳಿಯುವುದು ಬಹುಪಾಲು ಅದರ ಕೂಗಿನಿಂದಲೇ.

ಈ ಹಕ್ಕಿಗಳು ನಿಜಕ್ಕೂ ಕಾಣೆಯಾಗಿದ್ದರೆ ಅದಕ್ಕೆ ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಬರುವುದು "ಹುಳ ಕಡಿಮೆಯಾಗಿರಬೇಕು" ಅನ್ನುವ ಮಾತು. ಕೋಸ್ಟರಿಕಾದಲ್ಲಿ ಇದನ್ನೇ ಪರೀಕ್ಷಿಸಿದ್ದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಣ್ಣ ತುಣುಕುಗಳಲ್ಲಿ ಹುಳಗಳಿಗೆ ಬರವೇನೂ ಕಾಣಲಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಪನಾಮದ ಗಾಟುನ್ ಸರೋವರದ ಪ್ರಯೋಗ. ಕಾಡುಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ ಬೇರೆ ಬೇರೆ ದೂರದಲ್ಲಿ ನೀರಿನ ಮೇಲೆ ಬಿಟ್ಟರು. ಕೆಲವು ಜಾತಿಯವು 100 ಮೀಟರ್ ಕೂಡ ದಾಟಲಾರದೆ ಹೋದವು. ಕಾಡಿನ ನೆರಳಲ್ಲೇ ಬದುಕಿದ ಹಕ್ಕಿಗೆ ಬಿಸಿಲು ಬಿದ್ದ ಬಯಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಅಡ್ಡಿ. ತುಣುಕಿನಲ್ಲಿದ್ದ ಜೋಡಿ ಸತ್ತರೆ ಹೊರಗಿನಿಂದ ಬಂದು ಜಾಗ ತುಂಬುವವರಿಲ್ಲ.

ಆದ್ದರಿಂದ ತುಣುಕಿನ ವಿಸ್ತೀರ್ಣದಷ್ಟೇ ಅದರ ಸುತ್ತ ಏನಿದೆ ಅನ್ನುವುದೂ ನನಗೆ ಮುಖ್ಯ. ಮನೌಸ್‌ನಲ್ಲಿ ಕಡಿದ ಜಾಗಕ್ಕೆ ಬೆಂಕಿ ಹಾಕದೆ ಬಿಟ್ಟಲ್ಲಿ ಸೆಕ್ರೋಪಿಯಾ ಮರಗಳು ಎದ್ದವು. ಅವುಗಳ ನೆರಳು ಹಿಡಿದು, ಸೈನಿಕ ಇರುವೆಗಳ ಹಿಂದೆ ಹೋಗಿ ಹುಳ ಹಿಡಿಯುವ ಹಕ್ಕಿಗಳು ತುಣುಕುಗಳಿಗೆ ಮರಳಿದವು. ನಮ್ಮ ಫಾರಂನಲ್ಲಿ "ಅಂಚಿನಾಚೆ ಏನಿದೆ, ಎಷ್ಟು ಎತ್ತರ, ಸುಟ್ಟಿದ್ದರೇ" ಅನ್ನುವ ಕಾಲಂ ಭರ್ತಿಯಾಗದೆ ಬಂದ ಹಾಳೆಯನ್ನು ನಾನು ವಾಪಸ್ ಕಳಿಸುತ್ತೇನೆ.